ಪಿಜೆ ಬೇಸಿಗೆ ಯಾವ ಪಿಕಪ್ ಹಾಕಿಸಲಿ? ಹಮ್ಮಿಂಗ್‌ನಿಂದ ಸಾಕಾಗಿ ಹೋಗಿದೆ

ದಪ್ಪತಂತಿ_ಹಾಸನ

ಎಲ್ಲರಿಗೂ ನಮಸ್ಕಾರ. ಹಾಸನದ ಕಡೆ ಒಂದು ಆರ್ಕೆಸ್ಟ್ರಾದಲ್ಲಿ ನಾಲ್ಕು ವರ್ಷದಿಂದ ಬೇಸ್ ಗಿಟಾರ್ ನುಡಿಸ್ತಿದ್ದೀನಿ. ಗಣೇಶನ ಸೀಸನ್ನು, ರಾಜ್ಯೋತ್ಸವ, ಜಾತ್ರೆ, ರಿಸೆಪ್ಷನ್ನು, ಯಾವುದನ್ನೂ ಬಿಡಲ್ಲ. ನನ್ನದು ಸ್ಕ್ವಯರ್ ಅಫಿನಿಟಿ ಪಿಜೆ ಬೇಸು, ಸೆಕೆಂಡ್ ಹ್ಯಾಂಡಲ್ಲಿ ಕೊಂಡಿದ್ದು. ಅಂದರೆ ತಂತಿಯ ಅದುರನ್ನ ಸಿಗ್ನಲ್ ಮಾಡೋ ಪಿಕಪ್ ಎರಡು: ನೆಕ್ ಕಡೆ ಪ್ರಿಸಿಷನ್ ಥರದ್ದು (ಪಿ), ತಂತಿಗಳ ತುದಿ ಕೂರೋ ಬ್ರಿಡ್ಜ್ ಕಡೆ ಜಾಝ್ ಥರದ್ದು (ಜೆ). ನೆಕ್ ಕೈಗೆ ಚೆನ್ನಾಗಿ ಒಗ್ಗಿಬಿಟ್ಟಿದೆ, ಮಾರೋ ಮನಸ್ಸಿಲ್ಲ.

ತೊಂದರೆ ಎರಡು. ಮೊದಲನೇದು ಹಮ್ಮಿಂಗ್. ಪೆಂಡಾಲಲ್ಲಿ ಸೀರಿಯಲ್ ಸೆಟ್ ಆನ್ ಮಾಡಿದ ಕೂಡಲೇ ಗುಂಯ್ ಅಂತ ಶುರುವಾಗುತ್ತೆ. ಹಾಡು ಮುಗಿದು ಮುಂದಿನದು ಶುರುವಾಗೋ ತನಕ ಎಲ್ಲರೂ ನನ್ನ ಕಡೆ ತಿರುಗಿ ನೋಡ್ತಾರೆ. ಎರಡನೇದು, ನಾದ ಮಂಕು. ಮನೇಲಿ ಸಣ್ಣ ಆಂಪಲ್ಲಿ ಪರವಾಗಿಲ್ಲ, ಸ್ಟೇಜಲ್ಲಿ ಕಂಬಳಿ ಹೊದಿಸಿ ನುಡಿಸಿದ ಹಾಗೆ. ಇಳಯರಾಜರ ಹಾಡು ಬಂದಾಗ ಸಂಕಟವಾಗುತ್ತೆ. ಅವರ ಹಾಡಲ್ಲಿ ಬೇಸೇ ಇನ್ನೊಂದು ರಾಗ ಹಾಡ್ತಿರುತ್ತೆ, ನನ್ನದು ಬರೀ ಗುಡುಗುಡು.

12,000 ರೂಪಾಯಿ ಕೂಡಿಟ್ಟಿದ್ದೀನಿ. ಸೆಮೂರ್ ಡಂಕನ್ ಕಂಪನಿಯ ಕ್ವಾರ್ಟರ್ ಪೌಂಡ್, ಇಲ್ಲವೇ ಡಿಮಾರ್ಜಿಯೊ, ಇಎಂಜಿ ಕಂಪನಿಗಳದ್ದು ಅಂತ ಮೂರು ಹೆಸರು ಬರೆದುಕೊಂಡಿದ್ದೀನಿ. ಯಾವುದು ತಗೊಳ್ಳಲಿ?

ರಾಕ್_ರಾಗಿಮುದ್ದೆ

ಕಣ್ಣು ಮುಚ್ಚಿಕೊಂಡು ಕ್ವಾರ್ಟರ್ ಪೌಂಡ್ ತಗೊಳಿ ಬ್ರೋ. ಕಾಲಿಂಚು ದಪ್ಪದ ಪೋಲ್‌ಪೀಸು (ತಂತಿ ಕೆಳಗೆ ಕಾಣೋ ಗುಂಡು ಕಡ್ಡಿ), ಅದಕ್ಕೇ ಆ ಹೆಸರು. ನನ್ನ ಪಿ ಬೇಸಲ್ಲಿ ಮೂರು ವರ್ಷದಿಂದ ಇದೆ, ಪಿಕ್ ಹಿಡಿದು ಹೊಡೆದರೆ ಎದೆಗೆ ಬಡಿಯುತ್ತೆ. ಬೇರೆ ಕಂಪನಿ ನೋಡಿದರೂ ಕಿಲೋ ಓಮ್ ಜಾಸ್ತಿ ಇರೋದನ್ನೇ ಆರಿಸಿ, ಔಟ್‌ಪುಟ್ ಜೋರಾಗಿ ಬರುತ್ತೆ.

ಹಳೇ_ಆರ್ಕೆಸ್ಟ್ರಾ

ತಮ್ಮಾ, ದುಡ್ಡು ಇನ್ನೊಂದು ವಾರ ಜೇಬಲ್ಲೇ ಇರಲಿ. ಮೂವತ್ತು ವರ್ಷ ಇದೇ ಪೆಂಡಾಲುಗಳಲ್ಲಿ ನಿಂತು ನುಡಿಸಿದವನು ಹೇಳ್ತಿದ್ದೀನಿ, ನೀನು ಹೇಳಿದ ಎರಡು ತೊಂದರೆಗೆ ಕಾರಣ ಒಂದೇ ಇರಬೇಕು ಅಂತಿಲ್ಲ.

ಕಿಲೋ ಓಮ್ ಮಾತು ಮೊದಲು ಮುಗಿಸ್ತೀನಿ. ಅದು ಕಾಯಿಲಿನ ತಾಮ್ರದ ತಂತಿಯ ಡಿಸಿ ರೆಸಿಸ್ಟೆನ್ಸು. ಅಷ್ಟೇ ಸುತ್ತನ್ನ ಇನ್ನೂ ತೆಳು ತಂತೀಲಿ ಸುತ್ತಿದರೆ ಓಮ್ ಏರುತ್ತೆ, ಸದ್ದು ಏರಲ್ಲ. ಮ್ಯಾಗ್ನೆಟ್ ಆಲ್ನಿಕೋನೋ ಸೆರಾಮಿಕ್ಕೋ, ಸುತ್ತು ಎಷ್ಟು, ಕಾಯಿಲ್ ಎತ್ತರವಾಗಿದೆಯೋ ಅಗಲವಾಗಿದೆಯೋ, ಇವೆಲ್ಲ ಸೇರಿ ನಾದ. ಪಿ ಪಿಕಪ್ 10-11, ಜಾಝ್ ಪಿಕಪ್ 7-8 ಕಿಲೋ ಓಮ್ ಇರೋದು ವಾಡಿಕೆ. ಮೀಟರ್ ಆ ಆಸುಪಾಸು ತೋರಿಸಿದರೆ ಕಾಯಿಲ್ ಜೀವಂತ ಇದೆ ಅಂತ ತಿಳಿದುಕೊಳ್ಳೋಕೆ ಸಾಕು. ಇನ್ನು, ಸುತ್ತು ಹೆಚ್ಚಿಸಿದರೆ ಸದ್ದು ಜೋರಾಗೋದು ನಿಜ, ಆದರೆ ಇಂಡಕ್ಟೆನ್ಸೂ ಜೊತೆಗೇ ಏರಿ ಮೇಲಿನ ಹೊಳಪು ಕುಗ್ಗುತ್ತೆ. ನಿನ್ನ ದೂರು ಇರೋದೇ ಮಂಕು ಅಂತ.

ಈಗ ನಾಲ್ಕು ಕೆಲಸ ಮಾಡಿ ಬಂದು ಹೇಳು.

ಟ್ಯೂಬ್‌ಲೈಟಿನ ಕೆಳಗೆ ಆಂಪಿಗೆ ಹಾಕಿಕೊಂಡು ಪಿ ಮಾತ್ರ ಫುಲ್ ಇಟ್ಟು ಕೇಳು, ಆಮೇಲೆ ಜೆ ಮಾತ್ರ, ಆಮೇಲೆ ಎರಡೂ. ಪ್ರತಿ ಸಲ ಕೂತಲ್ಲೇ ಬೇಸನ್ನ ಎಡಕ್ಕೆ ಬಲಕ್ಕೆ ತಿರುಗಿಸು. ತಿರುಗಿಸಿದ ಹಾಗೆ ಸದ್ದು ಏರಿಳಿದರೆ ಅದು ಸಿಂಗಲ್ ಕಾಯಿಲಿನ (ಒಂದೇ ಸುರುಳಿ ಇರೋ ಪಿಕಪ್ಪಿನ) ಹಮ್ಮಿಂಗ್. ಆಮೇಲೆ ತಂತಿ ಮೇಲೆ ಕೈ ಇಟ್ಟು ನೋಡು. ಕೈ ಇಟ್ಟಾಗ ಸದ್ದು ಇಳಿಯಬೇಕು. ಇಳಿಯದೆ, ಜ್ಯಾಕಿನ ಲೋಹ ಮುಟ್ಟಿದಾಗ ಮಾತ್ರ ಇಳಿದರೆ ಬ್ರಿಡ್ಜಿಗೆ ಹೋಗೋ ಅರ್ಥ್ ವೈರು ಬಿಟ್ಟಿದೆ ಅಂತ ಲೆಕ್ಕ. ಕೇಬಲ್ ಇನ್ನೊಂದು ತುದೀಲಿ ಮಲ್ಟಿಮೀಟರ್ ಹಿಡಿದು ಒಂದೊಂದೇ ಪಿಕಪ್ ಅಳತೆ ಮಾಡು.

ನಾಲ್ಕನೇದು ಮುಖ್ಯ. ಸ್ಟೇಜಲ್ಲಿ ನಿನ್ನ ಬೇಸು ಎಲ್ಲಿಗೆ ಹೋಗುತ್ತೆ? ಆಂಪಿಗೋ, ಡಿಐ ಬಾಕ್ಸಿಗೋ (ಬೇಸಿನ ಸಿಗ್ನಲನ್ನ ಮಿಕ್ಸರಿಗೆ ಹೊಂದಿಸೋ ಸಣ್ಣ ಪೆಟ್ಟಿಗೆ), ಸೌಂಡಿನವರು ಕೊಟ್ಟ ವೈರಿಗೋ?

ಬೇಏರಿಯಾ_ಬೇಸು

ಹತ್ತು ವರ್ಷದಿಂದ ಕ್ಯಾಲಿಫೋರ್ನಿಯಾದಲ್ಲಿದ್ದೀನಿ, ಮೊದಲು ಬೆಂಗಳೂರಲ್ಲಿ ಕಾಲೇಜ್ ಬ್ಯಾಂಡಲ್ಲಿದ್ದೆ. ಹಮ್ಮಿಂಗ್ ವಿಷಯದಲ್ಲಿ ನಾನು ಇಲ್ಲಿಗೆ ಬಂದ ಮೇಲೆ ಗಮನಿಸಿದ ಒಂದು ಸಂಗತಿ ಇದೆ. ನಮ್ಮ ದೇಶದ ಕರೆಂಟು 50 ಹರ್ಟ್ಸ್. ಇ ತಂತಿಯ ಮೂರನೇ ಫ್ರೆಟ್ಟಿನ ಜಿ ಸ್ವರ 49 ಹರ್ಟ್ಸ್. ಜಿ ಶ್ರುತೀಲಿ ಹಾಡಿದ್ದರೆ ಹಮ್ಮಿಂಗು ಶ್ರುತಿ ತಪ್ಪಿದ ತಂಬೂರಿ ಥರ ಸ್ವರದ ಪಕ್ಕದಲ್ಲೇ ನಿಂತು ಉಜ್ಜುತ್ತೆ. ಅಮೆರಿಕದಲ್ಲಿ ಕರೆಂಟು 60 ಹರ್ಟ್ಸ್, ಅದು ಎ ಶಾರ್ಪ್‌ಗೂ ಬಿ‌ಗೂ ನಡುವೆ ಬೀಳುತ್ತೆ. ಕಿವಿಗೆ ಜಾಸ್ತಿ ಬೀಳೋದು ಅದರ ದುಪ್ಪಟ್ಟು, ಮೂರುಪಟ್ಟು ಸದ್ದುಗಳು ಅನ್ನೋದೂ ಸರಿಯೇ. ಸೀರಿಯಲ್ ಸೆಟ್ಟು, ಡಿಮ್ಮರ್ ಇದ್ದರೆ ಅದರ ಮೇಲೆ ಜಿರ್ರ್ ಅನ್ನೋದೂ ಸೇರಿಕೊಳ್ಳುತ್ತೆ.

ಹುಬ್ಬಳ್ಳಿ_ಬೇಸ್

ಪಿಜೆನಾಗ ಭಾಳ ಮಂದಿ ಎಡವೋದು ಒಂದ ಕಡೆ ನೋಡ್ರಿ. ಜಾಝ್ ಬೇಸಿನಾಗ ಎರಡೂ ಪಿಕಪ್ ಸಿಂಗಲ್ ಕಾಯಿಲ್. ಒಂದರ ಸುತ್ತು, ಮ್ಯಾಗ್ನೆಟ್ ಎರಡೂ ಇನ್ನೊಂದಕ್ಕ ಉಲ್ಟಾ ಇರ್ತಾವ. ಹಂಗಾಗಿ ಎರಡೂ ವಾಲ್ಯೂಮ್ ಸಮ ಇಟ್ರ ಹಮ್ಮಿಂಗ್ ಒಂದನ್ನೊಂದು ಹೊಡದ ಹಾಕ್ತಾವ. ಪಿಜೆನಾಗೂ ಹಂಗ ಆಗತೈತಿ ಅಂತ ತಿಳ್ಕೊಂಡಿರ್ತಾರ. ಆಗೂದಿಲ್ರಿ.

ಪಿ ಪಿಕಪ್ಪು ಎರಡ ತುಂಡ ಇರ್ತೈತಲ್ಲ, ಇ-ಎ ತಂತಿಗೆ ಒಂದು, ಡಿ-ಜಿ ತಂತಿಗೆ ಒಂದು, ಅವೆರಡೂ ತಮ್ಮೊಳಗ ಹಮ್ಮಿಂಗ್ ತೀರಿಸ್ಕೊಂಡ ಬಿಡ್ತಾವ. 1951ರ ಮೊದಲನೇ ಪ್ರಿಸಿಷನ್ ಬೇಸಿಗೆ ಒಂದ ಸಿಂಗಲ್ ಕಾಯಿಲ್ ಇತ್ತು, 1957ರಾಗ ಫೆಂಡರ್‌ನವರು ಈ ಎರಡ ತುಂಡಿನ ಪಿಕಪ್ ತಂದ್ರು. ಇವತ್ತಿಗೂ ಅದ ನಡದೈತಿ. ಆದ್ರ ನಿಮ್ಮ ಜೆ ಪಿಕಪ್ ಒಬ್ಬಂಟಿ. ಅದರ ಹಮ್ಮಿಂಗ್ ಹೊಡಿಯಾಕ ಜೋಡಿನ ಇಲ್ಲ. ಪಿ ಜೋಡಿ ಕೂಡಿಸಿದ್ರೂ ಜೆ ಗುಂಯ್ ಅನ್ನೂದ.

ಕ್ವಾರ್ಟರ್ ಪೌಂಡ್ ಹೇಳಿದವರಿಗೆ ಒಂದ ಮಾತು: ಅದರ ಪಿ ಛಲೋ ಐತಿ, ನಾನೂ ಒಪ್ತೀನಿ. ಅದರ ಜೆ ಮತ್ತ ಸಿಂಗಲ್ ಕಾಯಿಲ್ಲೇ. ಈ ಅಣ್ಣಾರ ದುಡ್ಡೂ ಹೋಗತೈತಿ, ಗುಂಯ್ ಇದ್ದಲ್ಲೇ ಇರತೈತಿ.

ರಾಕ್_ರಾಗಿಮುದ್ದೆ

ಒಪ್ಪಿದೆ. ನಾನು ಬರೀ ಪಿ ಬೇಸ್ ನುಡಿಸೋದು, ಜೆ ಬಗ್ಗೆ ಯೋಚನೆ ಮಾಡಿರಲಿಲ್ಲ.

ದಪ್ಪತಂತಿ_ಹಾಸನ

ಅಣ್ಣಾ, ಎಲ್ಲಾ ಮಾಡಿ ನೋಡಿದೆ.

ಪಿ ಮಾತ್ರ ಇಟ್ಟರೆ ಹೆಚ್ಚುಕಮ್ಮಿ ನಿಶ್ಶಬ್ದ, ಸಣ್ಣಗೆ ಜಿರ್ರ್ ಇದೆ. ಜೆ ಮಾತ್ರ ಇಟ್ಟರೆ ಗುಂಯ್. ಕಿಟಕಿ ಕಡೆ ತಿರುಗಿ ಕೂತರೆ ಅರ್ಧ ಇಳಿಯುತ್ತೆ. ಎರಡೂ ಇಟ್ಟರೂ ಗುಂಯ್ ಹೋಗಲ್ಲ. ತಂತಿ ಮುಟ್ಟಿದರೆ ಏನೂ ವ್ಯತ್ಯಾಸ ಇಲ್ಲ. ಜ್ಯಾಕ್ ಪ್ಲೇಟ್ ಮುಟ್ಟಿದರೆ ಆ ಜಿರ್ರ್ ತಟಕ್ಕನೆ ನಿಲ್ಲುತ್ತೆ. ಮೀಟರಲ್ಲಿ ಪಿ ಸುಮಾರು 10, ಜೆ 7ರ ಹತ್ತಿರ.

ಸ್ಟೇಜಲ್ಲಿ ಆಂಪ್ ಇಲ್ಲ. ಸೌಂಡಿನವರು ಹದಿನೈದು ಮೀಟರಿನ ವೈರ್ ಕೊಡ್ತಾರೆ, ಅದು ನೇರ ಮಿಕ್ಸರಿಗೆ ಹೋಗುತ್ತೆ.

ಹಳೇ_ಆರ್ಕೆಸ್ಟ್ರಾ

ನಿನ್ನ ಕಂಬಳಿ ಅಲ್ಲೇ ಇದೆ.

ಪ್ಯಾಸಿವ್ ಪಿಕಪ್ಪಿಗೆ (ನಿನ್ನದರ ಹಾಗೆ ಬ್ಯಾಟರಿ ಇಲ್ಲದ್ದು) ಎದುರು ನಿಲ್ಲೋ ಇನ್‌ಪುಟ್ಟು 1 ಮೆಗಾ ಓಮ್ ಹತ್ತಿರ ಇರಬೇಕು. ಬೇಸ್ ಆಂಪಿನ ಇನ್‌ಪುಟ್ ಹಾಗೇ ಮಾಡಿರ್ತಾರೆ, ಅದಕ್ಕೇ ಮನೇಲಿ ಪರವಾಗಿಲ್ಲ ಅನ್ನಿಸೋದು. ಮಿಕ್ಸರಿನ ಲೈನ್ ಇನ್‌ಪುಟ್ ಸಾಮಾನ್ಯವಾಗಿ 10-20 ಕಿಲೋ ಓಮ್. ಅದಕ್ಕೆ ನೇರ ಹಾಕಿದರೆ ಪಿಕಪ್ಪಿನ ಮೇಲೆ ಭಾರ ಬಿದ್ದು ಮೇಲಿನ ಹೊಳಪೆಲ್ಲ ಸತ್ತುಹೋಗುತ್ತೆ. ಜೊತೆಗೆ ಹದಿನೈದು ಮೀಟರ್ ವೈರಿನ ಕೆಪ್ಯಾಸಿಟೆನ್ಸು ಬೇರೆ. ಎಷ್ಟೇ ದುಬಾರಿ ಪ್ಯಾಸಿವ್ ಪಿಕಪ್ ತಂದು ಹಾಕಿದರೂ ಆ ವೈರಿನ ತುದೀಲಿ ಇದೇ ಗುಡುಗುಡು. ನಮ್ಮ ಕಡೆ ಎಷ್ಟೋ ಹುಡುಗರು ಇದೊಂದು ತಿಳಿಯದೆ ಒಳ್ಳೆ ಬೇಸುಗಳನ್ನ ಕಮ್ಮಿ ಬೆಲೆಗೆ ಮಾರಿಕೊಂಡಿದ್ದನ್ನ ಕಣ್ಣಾರೆ ನೋಡಿದ್ದೀನಿ, ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು.

ಒಂದು ಆಕ್ಟಿವ್ ಡಿಐ ಬಾಕ್ಸ್ ತಗೋ. ಅದನ್ನ ನಿನ್ನ ಕಾಲ ಬುಡದಲ್ಲಿ ಇಟ್ಟುಕೋ, ಬೇಸಿನಿಂದ ಅಲ್ಲಿವರೆಗೆ ಮೂರು ಮೀಟರಿನ ಕೇಬಲ್ ಸಾಕು. ಅಲ್ಲಿಂದ ಮುಂದೆ ಮೈಕಿನ ಎಕ್ಸ್‌ಎಲ್‌ಆರ್ ವೈರಲ್ಲಿ ಹೋಗಲಿ, ಎಷ್ಟು ಉದ್ದ ಇದ್ದರೂ ಚಿಂತೆ ಇಲ್ಲ. ಡಿಐ ಮೇಲೆ ಗ್ರೌಂಡ್ ಲಿಫ್ಟ್ ಸ್ವಿಚ್ ಇರುತ್ತೆ, ಮಿಕ್ಸರ್ ಕಡೆಯ ಗ್ರೌಂಡ್ ಲೂಪ್ ಹಮ್ಮಿಂಗ್ ಇದ್ದರೆ ಅದನ್ನ ಒತ್ತಿದಾಗ ಹೋಗುತ್ತೆ.

ಇನ್ನು ಜಿರ್ರ್ ಸದ್ದು. ಬ್ರಿಡ್ಜ್ ಸ್ಕ್ರೂ ಸಡಿಲಿಸಿ ಎತ್ತಿ ನೋಡು. ಕೆಳಗೆ ಒಂದು ಸಣ್ಣ ತೂತಿಂದ ವೈರ್ ಬಂದಿರಬೇಕು.

ಕೊನೇದು, ಪಿಕಪ್ಪಿಗಿಂತ ದೊಡ್ಡ ಮಾತು. ಪೆಂಡಾಲಲ್ಲಿ ಪ್ಲಗ್ಗಿನ ಮೇಲಿನ ದಪ್ಪ ಪಿನ್ನು ಮುರಿದು ಹಾಕಿರ್ತಾರೆ, ಇಲ್ಲವೇ ಪ್ಲಗ್ಗೇ ಇಲ್ಲದೆ ವೈರನ್ನ ಸಾಕೆಟ್ಟಿಗೆ ಬೆಂಕಿಕಡ್ಡಿ ಸಿಕ್ಕಿಸಿ ನಿಲ್ಲಿಸಿರ್ತಾರೆ. ಅರ್ಥಿಂಗ್ ಇಲ್ಲದ ಕಡೆ ಬೇಸಿನ ತಂತಿ ಹಿಡಿದುಕೊಂಡು ಮೈಕಿಗೆ ತುಟಿ ತಾಗಿಸಿದರೆ ಶಾಕ್ ಹೊಡೆಯುತ್ತೆ. ನನಗೆ ಹೊಡೆದಿದೆ. ಮಳೆ ಬಂದು ನಿಂತ ಮೇಲಿನ ಪ್ರೋಗ್ರಾಂ ಅದು, ಕಾಲಡಿ ಜಮಖಾನ ಒದ್ದೆ. ತುಟಿ ಸುಟ್ಟ ಹಾಗಾಗಿ ಎರಡು ದಿನ ಊಟ ಸೇರಲಿಲ್ಲ. ಕೋರಸ್ ಹಾಡ್ತೀಯ ಅಂದರೆ ಹಾಡೋ ಮೊದಲು ಮೈಕಿಗೆ ಟೆಸ್ಟರ್ ಹಿಡಿದು ನೋಡು. ಸ್ಪಾಂಜ್ ಹಾಕದೆ ಯಾವ ಮೈಕಿಗೂ ಬಾಯಿ ಇಡಬೇಡ.

ಕುಡ್ಲ_ಕ್ವಾಯರ್

ನಾನು ಮಂಗಳೂರಲ್ಲಿ ಚರ್ಚ್ ಕ್ವಾಯರಿಗೆ ನುಡಿಸುದು. ನನ್ನ ಬೇಸಿನಲ್ಲಿ ಇಎಂಜಿ ಪಿಜೆ ಸೆಟ್ ಉಂಟು, ಆರು ವರ್ಷ ಆಯ್ತು. ಹಮ್ಮಿಂಗ್ ಅಂದ್ರೆ ಎಂತ ಅಂತ ಮರ್ತೇ ಹೋಗಿದೆ ಮಾರಾಯ್ರೆ. ಆಕ್ಟಿವ್ ಪಿಕಪ್ ಅಲ್ವಾ, ಒಳಗೇ ಸಣ್ಣ ಪ್ರೀಆಂಪ್ ಇರ್ತದೆ, ಉದ್ದ ಕೇಬಲ್ ಹಾಕಿದ್ರೂ ಮಂಕಾಗುದಿಲ್ಲ. ಮತ್ತೆ ಇದಕ್ಕೆ ಬ್ರಿಡ್ಜಿನ ಅರ್ಥ್ ವೈರ್ ಬೇಡ ಅಂತ ಕಂಪನಿಯವರೇ ಹೇಳ್ತಾರೆ. ಮೇಲೆ ಅಣ್ಣ ಹೇಳಿದ ಶಾಕಿನ ಭಯ ಅಷ್ಟು ಕಡಿಮೆ.

ಆದ್ರೆ ಹಾಕ್ಲಿಕ್ಕೆ ಮೊದಲು ಎರಡು ನೋಡ್ಬೇಕು. ಒಳಗೆ 9 ವೋಲ್ಟ್ ಬ್ಯಾಟರಿಗೆ ಜಾಗ ಉಂಟಾ? ನನ್ನದರಲ್ಲಿ ಇರ್ಲಿಲ್ಲ, ಮರ ಕೊರೆಸ್ಬೇಕಾಯ್ತು. ಪಾಟ್‌ಗಳೂ (ವಾಲ್ಯೂಮ್, ಟೋನ್ ನಾಬಿನ ಕೆಳಗಿನ ಭಾಗ) ಬೇರೆ, ನಿಮ್ಮದು 250 ಕಿಲೋ ಓಮ್ ಇರ್ಬಹುದು, ಇದಕ್ಕೆ 25 ಕಿಲೋ ಓಮ್. ಅದು ಸೆಟ್ಟಿನ ಜೊತೆಗೇ ಬರ್ತದೆ. ಒಂದು ಆಕ್ಟಿವ್, ಒಂದು ಪ್ಯಾಸಿವ್ ಅಂತ ಬೆರೆಸ್ಲಿಕ್ಕೆ ಹೋಗ್ಬೇಡಿ, ಒಂದು ಇನ್ನೊಂದನ್ನು ಮುಚ್ಚಿ ಬಿಡ್ತದೆ. ನುಡಿಸಿ ಆದ ಮೇಲೆ ಕೇಬಲ್ ಕಿತ್ತು ಇಡ್ಬೇಕು, ಇಲ್ಲಾಂದ್ರೆ ಬ್ಯಾಟರಿ ಖಾಲಿ. ನಾದ ಮಾತ್ರ ತುಂಬಾ ಶುಭ್ರ. ಹಳೇ ಪಿ ಬೇಸಿನ ಆ ಒರಟುತನ ಬೇಕಾದವರಿಗೆ ಇದು ಹಿಡಿಸ್ಲಿಕ್ಕಿಲ್ಲ. ನನಗೆ ಭಜನೆ, ಕೀರ್ತನೆಗೆ ಇದೇ ಬೇಕು.

ಹುಬ್ಬಳ್ಳಿ_ಬೇಸ್

ಅಣ್ಣಾರ, ನಿಮ್ಮ ಪಿ ಛಲೋ ಕೆಲಸ ಮಾಡಾಕತ್ತೈತಿ. ಅದನ್ನ ಮುಟ್ಟಬ್ಯಾಡ್ರಿ. ಜೆ ಒಂದನ್ನ ಹಮ್ಮಿಂಗ್ ಇಲ್ಲದ್ದು ತಗೊಳ್ರಿ, ಅದಕ್ಕ ಸಾಕು.

ಜೆ ಅಳತಿನಾಗ ಹಮ್ಮಿಂಗ್ ಇಲ್ಲದ್ದು ಎರಡ ಥರ ಬರ್ತಾವ. ಒಂದು ಸ್ಟ್ಯಾಕ್, ಕಾಯಿಲ್ ಮ್ಯಾಲ ಕಾಯಿಲ್. ಮ್ಯಾಲಿಂದು ತಂತಿ ಕೇಳತೈತಿ, ಕೆಳಗಿಂದು ಮುಖ್ಯವಾಗಿ ಹಮ್ಮಿಂಗ್ ಹೊಡಿಯಾಕ. ಸೆಮೂರ್ ಡಂಕನ್‌ದು ಹಾಟ್ ಸ್ಟ್ಯಾಕ್, ಫೆಂಡರ್‌ದು ನಾಯ್ಸ್‌ಲೆಸ್ ಹಂಥಾವು. ಇನ್ನೊಂದು ಸ್ಪ್ಲಿಟ್, ಪಿ ಪಿಕಪ್ಪಿನಂಗ ಇ-ಎ ಒಂದು, ಡಿ-ಜಿ ಒಂದು, ಎರಡೂ ಒಂದ ಕವರಿನಾಗ ಸಾಲಾಗಿ. ಫ್ರಾಲಿನ್, ನಾರ್ಡ್‌ಸ್ಟ್ರಾಂಡ್ ಅವರು ಹಂಗ ಮಾಡ್ತಾರ. ನನಗ ಕೇಳಿದ್ರ ಸ್ಪ್ಲಿಟ್ಟಿನಾಗ ಜೀವ ಹೆಚ್ಚು, ಸ್ಟ್ಯಾಕ್ ಸ್ವಲ್ಪ ಬಿಗಿ. ಆದ್ರ ಸ್ಪ್ಲಿಟ್ ತರಸಾಕ ಹೊರಗಿಂದ ಬರಬೇಕು, ಖರ್ಚು ಏರತೈತಿ.

ತಗೊಳ್ಳೂಕಿಂತ ಮೊದಲ ಸ್ಕೇಲ್ ಹಿಡದು ಉದ್ದ ಅಳೀರಿ. ಜಾಝ್ ಪಿಕಪ್ಪಿನಾಗ ನೆಕ್ ಕಡೇದು ಗಿಡ್ಡ, ಬ್ರಿಡ್ಜ್ ಕಡೇದು ಸುಮಾರು 3 ಮಿಲಿಮೀಟರ್ ಉದ್ದ. ಪಿಜೆಗೆ ಬ್ರಿಡ್ಜಿನ ಉದ್ದಂದ ಬೇಕು ಅಂತ ಎಲ್ಲಾರೂ ತಿಳೀತಾರ, ಕಡಿಮಿ ಬೆಲಿ ಬೇಸಿನಾಗ ಕೆಲವಕ್ಕ ಗಿಡ್ಡಂದ ಹಾಕಿರ್ತಾರ.

ಮತ್ತ ಒಂದು ಕೈಮುಗದು ಹೇಳ್ತೀನಿ. ಹಳೇ ಮಾದರಿ ಪಿಕಪ್ಪಿನಾಗ ಪೋಲ್‌ಪೀಸ್ ಸ್ಕ್ರೂ ಅಲ್ಲ, ಮ್ಯಾಗ್ನೆಟ್ಟ. ಅದರ ಮ್ಯಾಲನ ಕಾಯಿಲ್ ಸುತ್ತಿರ್ತಾರ. ನನ್ನ ಜಾಝ್ ಬೇಸಿನ್ಯಾಗ ಡಿ ತಂತಿ ಜೋರ ಬರತಿತ್ತು ಅಂತ ಆ ಮ್ಯಾಗ್ನೆಟ್ ಹೆಬ್ಬೆರಳಿನಿಂದ ಒಳಗ ಒತ್ತಿದೆ. ಟಿಕ್ ಅಂತು. ಮೀಟರ್ ಹಿಡದ್ರ ಏನೂ ತೋರಸಲಿಲ್ಲ. 42 ಗೇಜಿನ ತಂತಿ 0.063 ಮಿಲಿಮೀಟರ್, ತಲಿಗೂದಲಿನಷ್ಟ ತೆಳು, ಒಳಗ ಕಡದ ಹೋಗಿತ್ತು. ತಂದಿಯವರು ಕೊಡಿಸಿದ ಬೇಸು ಅದು.

ಫ್ರೆಟ್‌ಲೆಸ್_ಪ್ರಿಯ

ತಂತಿ ಬದಲಾಯಿಸಿ ಎಷ್ಟು ದಿನ ಆಯ್ತು ಅಂತ ಯಾರೂ ಕೇಳಲಿಲ್ಲವಲ್ಲ. ಹೆಸರಾಂತ ಬೇಸ್ ವಾದಕ ಜೇಮ್ಸ್ ಜೇಮರ್ಸನ್ 1962ರ ಪ್ರಿಸಿಷನ್ ಬೇಸಿಗೆ ಲಾ ಬೆಲ್ಲಾ ಕಂಪನಿಯ ಫ್ಲ್ಯಾಟ್‌ವೌಂಡ್ (ಹೊರಮೈ ನುಣುಪಾದ ತಂತಿ) ಹಾಕಿ ವರ್ಷಗಟ್ಟಲೆ ತೆಗೀಲೇ ಇಲ್ಲ, ಆ ಮಂಕು ಅವರಿಗೆ ಬೇಕಾಗಿತ್ತು. ಇನ್ನೊಬ್ಬ ದೊಡ್ಡ ವಾದಕ ಜಾಕೊ ಪಾಸ್ಟೋರಿಯಸ್ ಅದೇ 1962ರ ಜಾಝ್ ಬೇಸಲ್ಲಿ ರೌಂಡ್‌ವೌಂಡ್ (ಹೊರಮೈ ತರಿತರಿಯಾದ, ಹೊಳಪಿನ ತಂತಿ) ಹಾಕಿ ಬ್ರಿಡ್ಜ್ ಪಿಕಪ್ಪಲ್ಲಿ ಹಾಡಿಸಿದರು. ಕೈ ಬೆವರಿಗೆ ಸತ್ತ ರೌಂಡ್‌ವೌಂಡ್ ಇದ್ದರೆ ಯಾವ ಪಿಕಪ್ಪೂ ಅದನ್ನ ಎಬ್ಬಿಸಲ್ಲ.

ದಪ್ಪತಂತಿ_ಹಾಸನ

ಬೇಸ್ ಕೊಂಡಾಗಿಂದ ಅದೇ ತಂತಿ, ಎರಡು ವರ್ಷ ಆಗಿದೆ. ಇವತ್ತೇ ಆರ್ಡರ್ ಹಾಕಿದೆ.

ಬ್ರಿಡ್ಜ್ ಎತ್ತಿ ನೋಡಿದೆ. ಅಣ್ಣ ಹೇಳಿದ ಹಾಗೇ ತೂತಿದೆ, ಕಪ್ಪು ವೈರು ಒಳಗೆ ಸರಿದುಹೋಗಿದೆ. ತುದಿ ಮಾತ್ರ ಒಂದು ಅಕ್ಕಿಕಾಳಿನಷ್ಟು ಕಾಣ್ತಿತ್ತು. ಅಕ್ಕನ ಹುಬ್ಬು ಕೀಳೋ ಚಿಮಟದಲ್ಲಿ ಮೆಲ್ಲಗೆ ಎಳೆದು, ಪ್ಲಾಸ್ಟಿಕ್ ಬಿಡಿಸಿ, ಎಳೆಗಳನ್ನ ಕಾಲುಂಗುರದ ಹಾಗೆ ಹರಡಿ ಬ್ರಿಡ್ಜ್ ಕೂರಿಸಿ ಬಿಗಿದೆ. ತಂತಿ ಮುಟ್ಟಿದರೆ ಜಿರ್ರ್ ಪೂರ್ತಿ ನಿಲ್ಲುತ್ತೆ ಈಗ. ಒಂದು ಪೈಸೆ ಖರ್ಚಿಲ್ಲ.

ದಪ್ಪತಂತಿ_ಹಾಸನ

ಮೂರು ವಾರ ಆದ ಮೇಲೆ ಬರೀತಿದ್ದೀನಿ.

ಡಿಐ ಬಾಕ್ಸ್ ಬಂತು. ಮೊದಲನೇ ಪ್ರೋಗ್ರಾಮಿಗೆ ಹಳೇ ಪಿಕಪ್ಪಲ್ಲೇ ಹೋದೆ, ಹೊಸ ತಂತಿ, ಡಿಐ. ಬೆರಳು ತಂತಿ ಬಿಡೋ ಸದ್ದೂ ಸ್ಪೀಕರಲ್ಲಿ ಕೇಳಿಸ್ತು. ಕೀಬೋರ್ಡಿನವನು ಬೇರೆ ಬೇಸ್ ತಂದಿದ್ದೀಯ ಅಂತ ಕೇಳಿದ.

ಆಮೇಲೆ ಬೆಂಗಳೂರಿಗೆ ಹೋದಾಗ ಎಸ್‌ಪಿ ರಸ್ತೇಲಿ 60/40 ಸೋಲ್ಡರ್ ಲೆಡ್ಡು, ರೋಸಿನ್ ಫ್ಲಕ್ಸು, ಒಂದು ಒಳ್ಳೆ ಐರನ್ ತಗೊಂಡೆ. ಪಿಕಪ್ಪು ಸೆಮೂರ್ ಡಂಕನ್ ಹಾಟ್ ಸ್ಟ್ಯಾಕ್, ಬ್ರಿಡ್ಜಿಂದು ಮಾತ್ರ. ಹಳೇದನ್ನ ಅಳೆದೇ ಆರ್ಡರ್ ಮಾಡಿದ್ದು, 94 ಮಿಲಿಮೀಟರ್ ಇತ್ತು. ಬಿಚ್ಚೋ ಮೊದಲು ನಾಲ್ಕು ಕಡೆಯಿಂದ ಫೋಟೋ ತೆಗೆದುಕೊಂಡೆ. ಪಾಟ್ ಬೆನ್ನಿನ ಮೇಲೆ ಅರ್ಥ್ ವೈರ್ ಕೂರಿಸೋದೇ ಕಷ್ಟದ ಕೆಲಸ. ಮೊದಲ ಸಲ ಸೋಲ್ಡರ್ ಬೂದಿ ಬಣ್ಣಕ್ಕೆ ತಿರುಗಿ ಉಂಡೆ ಥರ ನಿಂತಿತು, ಎಳೆದರೆ ಕಿತ್ತುಬಂತು. ಪಾಟ್ ಬೆನ್ನನ್ನ ಉಜ್ಜುಕಾಗದದಲ್ಲಿ ಉಜ್ಜಿ, ಐರನ್ ತುದಿ ಅಗಲವಾಗಿರೋದನ್ನ ಹಾಕಿ, ಮೊದಲು ಪಾಟ್ ಕಾಯಿಸಿ ಆಮೇಲೆ ಲೆಡ್ ಮುಟ್ಟಿಸಿದಾಗ ನೀರಿನ ಹಾಗೆ ಹರಡಿ ಹೊಳೀತು.

ಆದರೆ ಒಂದು ವಿಚಿತ್ರ. ಪಿ ಒಂದೇ ಚೆನ್ನಾಗಿದೆ, ಜೆ ಒಂದೇ ಚೆನ್ನಾಗಿದೆ, ಹಮ್ಮಿಂಗ್ ಇಲ್ಲವೇ ಇಲ್ಲ. ಎರಡೂ ಫುಲ್ ಇಟ್ಟರೆ ಬೇಸೇ ಹೋಗಿ ಮೂಗಲ್ಲಿ ಮಾತಾಡಿದ ಹಾಗೆ ಆಗುತ್ತೆ.

ಹಳೇ_ಆರ್ಕೆಸ್ಟ್ರಾ

ಔಟ್ ಆಫ್ ಫೇಸ್, ಅಂದರೆ ಎರಡು ಪಿಕಪ್ಪಿನ ಸಿಗ್ನಲ್ ಒಂದಕ್ಕೊಂದು ಉಲ್ಟಾ. ಬೇರೆ ಬೇರೆ ಕಂಪನಿ ಪಿಕಪ್ ಸೇರಿಸಿದಾಗ ಹೀಗಾಗುತ್ತೆ, ಗಾಬರಿ ಬೇಡ. ಹಳೇ ಮುಳ್ಳಿನ ಮೀಟರ್ ಇದ್ದರೆ ಪಕ್ಕಾ ಮಾಡಿಕೋ: ಪಿಕಪ್ಪಿಗೆ ಮೀಟರ್ ಸೇರಿಸಿ, ಸ್ಕ್ರೂಡ್ರೈವರ್ ತುದೀನ ಪೋಲ್ ಮೇಲೆ ಮೆಲ್ಲಗೆ ತಾಗಿಸು. ಮುಳ್ಳು ಯಾವ ಕಡೆ ಜಿಗಿಯಿತು ನೋಡು. ಎರಡೂ ಪಿಕಪ್ಪಲ್ಲಿ ಒಂದೇ ಕಡೆ ಜಿಗಿಯಬೇಕು. ಎಳೆತ ಇರುತ್ತೆ, ಸ್ಕ್ರೂಡ್ರೈವರ್ ಗಟ್ಟಿ ಹಿಡಿದುಕೋ, ತಪ್ಪಿ ಕಾಯಿಲಿಗೆ ಬಡಿಯಬಾರದು.

ಉಲ್ಟಾ ಇದ್ದರೆ ಜೆಯ ಹಾಟ್ ವೈರನ್ನೂ ಅರ್ಥಿಗೆ ಹೋಗೋ ವೈರನ್ನೂ ಅದಲು ಬದಲು ಮಾಡು. ಬೆತ್ತಲೆ ಇರೋ ಶೀಲ್ಡ್ ಎಳೆ ಮಾತ್ರ ಅರ್ಥಿನಲ್ಲೇ ಇರಲಿ, ಅದನ್ನ ಅಲುಗಾಡಿಸಬೇಡ.

ಆಮೇಲೆ ಎತ್ತರ. ಕೊನೇ ಫ್ರೆಟ್ ಒತ್ತಿ ಹಿಡಿದು ತಂತಿಗೂ ಪೋಲಿಗೂ ನಡುವೆ ಅಳತೆ ಮಾಡು. ಇ ತಂತಿ ಕಡೆ 3 ಮಿಲಿಮೀಟರ್ ಆಸುಪಾಸು, ಜಿ ಕಡೆ ಎರಡೂವರೆ ಇಟ್ಟು ಶುರು ಮಾಡು. ಬ್ರಿಡ್ಜ್ ಹತ್ತಿರ ತಂತಿ ಅಷ್ಟು ಅಲುಗಲ್ಲ, ಹಾಗಾಗಿ ಜೆ ಸ್ವಲ್ಪ ಮೇಲೆ, ಪಿ ಸ್ವಲ್ಪ ಕೆಳಗೆ. ಕಿವಿ ಹೇಳಿದ ಕಡೆ ನಿಲ್ಲಿಸು. ಬ್ಯಾಂಡ್ ಜೊತೆ ನುಡಿಸುವಾಗ ಪಿ ಫುಲ್ ಇಟ್ಟು ಜೆಯನ್ನ ಮುಕ್ಕಾಲಷ್ಟು ಸೇರಿಸಿ ನೋಡು. ಎರಡೂ ಫುಲ್ ಇಟ್ಟರೆ ನಡುವಿನ ಸ್ವರ ಬಗ್ಗಿ, ಮನೇಲಿ ಸೊಗಸಾಗಿ ಕೇಳಿದ್ದು ಡ್ರಮ್ ಶುರುವಾದ ಮೇಲೆ ಕಾಣೆಯಾಗುತ್ತೆ.

ದಪ್ಪತಂತಿ_ಹಾಸನ

ವೈರ್ ಅದಲು ಬದಲು ಮಾಡಿದೆ ಅಣ್ಣಾ. ಎರಡೂ ಇಟ್ಟು ತೆರೆದ ಇ ತಂತಿ ಮೀಟಿದೆ, ಮೇಜಿನ ಮೇಲಿದ್ದ ಸ್ಟೀಲ್ ಲೋಟ ಅದುರಿತು. ಪಿ ಹೊಸದು ಹಾಕೋ ಯೋಚನೆ ಬಿಟ್ಟೆ. ಉಳಿದ ದುಡ್ಡಲ್ಲಿ ಟೀಮಿಗೆಲ್ಲ ಸೇರಿ ಒಂದು ಒಳ್ಳೆ ಎಕ್ಸ್‌ಟೆನ್ಷನ್ ಬೋರ್ಡು ಮಾಡಿಸ್ತಿದ್ದೀವಿ, ಮೂರು ಪಿನ್ನಿನ ಪ್ಲಗ್ಗಿನದ್ದು, ಒಳಗೆ ಅರ್ಥ್ ಇದೆಯಾ ಅಂತ ತೋರಿಸೋ ಲೈಟು ಇರೋದು.

ಹುಬ್ಬಳ್ಳಿ_ಬೇಸ್

ಅಣ್ಣಾರ, ಹಳೇ ಜೆ ಸುಮ್ನ ಇಟ್ಟಿದ್ರ ನನಗ ಕೊಡ್ರಿ. ನಾ ಒತ್ತಿ ಕೆಡಿಸಿದ್ದೂ ಬ್ರಿಡ್ಜ್ ಕಡೇದ, 94 ಇದ್ರ ಕೂಡತೈತಿ. ಅದರ ಮ್ಯಾಗ್ನೆಟ್ ಯಾವ ಕಡೆ ಐತಿ ಅಂತ ದಿಕ್ಸೂಚಿ ಹಿಡದು ನೋಡಿ ಹೇಳ್ರಿ. ನನ್ನ ನೆಕ್ಕಿಂದು ಮ್ಯಾಲ ಉತ್ತರ ಐತಿ, ನಿಮ್ಮದು ದಕ್ಷಿಣ ಇದ್ರ ಜೋಡಿ ಆಕ್ಕೈತಿ.

ದಪ್ಪತಂತಿ_ಹಾಸನ

ತಂಗಿಯ ಶಾಲೆ ಡಬ್ಬೀಲಿದ್ದ ದಿಕ್ಸೂಚಿ ಹಿಡಿದು ನೋಡಿದೆ. ಸೂಜಿಯ ಉತ್ತರದ ತುದಿ ಪೋಲಿಗೆ ಅಂಟಿಕೊಳ್ತು, ಅಂದರೆ ಮೇಲೆ ದಕ್ಷಿಣ. ವಿಳಾಸ ಕಳಿಸಿ, ಸೋಮವಾರ ಪೋಸ್ಟ್ ಮಾಡ್ತೀನಿ. ದುಡ್ಡು ಬೇಡ.